ಕ್ಲಾಸಿಕ್ 350ಗೆ 500ರ ಪಿಸ್ಟನ್ ಹಾಕಿಸಿದರೆ ಪವರ್ ಬರುತ್ತಾ?

ಪ್ರಶ್ನೆ: ನನ್ನದು 2015ರ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350. ಹಿಂದೆ ಮನೆಯವರು, ಪಕ್ಕದಲ್ಲಿ ಲಗೇಜು. ಚಾರ್ಮಾಡಿ ಹತ್ತುವಾಗ ಗಾಡಿ ಸೋತುಹೋಗುತ್ತೆ. ಬೋರ್ ಮಾಡಿಸಿ 500ರ ಪಿಸ್ಟನ್ ಹಾಕಿಸಿದರೆ 500ರ ಪವರ್ ಬರುತ್ತಾ ಸಾರ್?

ಮಾಡಬಹುದು. ಆದರೆ ಪಿಸ್ಟನ್ ಒಂದರಲ್ಲೇ ಕೆಲಸ ಮುಗಿಯುವುದಿಲ್ಲ, ಮುಗಿಯುವ ಹೊತ್ತಿಗೆ ನಿಮ್ಮ ಎಂಜಿನ್ನಿನಲ್ಲಿ ಹಳೆಯದು ಅಂತ ಉಳಿಯುವುದು ಬಹುಶಃ ನಂಬರ್ ಮಾತ್ರ.

ಈ ಆಸೆ ಎಲ್ಲಿಂದ ಬರುತ್ತದೆ ಅಂತ ನನಗೆ ಗೊತ್ತು. ನಿಮ್ಮ ಎಂಜಿನ್ನಿನ ಬೋರ್, ಅಂದರೆ ಸಿಲಿಂಡರಿನ ಒಳ ಅಗಲ, 70 ಮಿ.ಮೀ.; ಸ್ಟ್ರೋಕ್, ಅಂದರೆ ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ, 90 ಮಿ.ಮೀ.; ಒಟ್ಟು 346 ಸಿಸಿ. ಕ್ಲಾಸಿಕ್ 500ರಲ್ಲಿ ಬೋರ್ 84, ಸ್ಟ್ರೋಕ್ ಅದೇ 90, ಒಟ್ಟು 499 ಸಿಸಿ. ಪವರ್ 19.8 ಎಚ್‌ಪಿಯಿಂದ 27.2ಕ್ಕೆ, ಟಾರ್ಕ್ (ತಿರುಗಿಸುವ ಬಲ) 28 ನ್ಯೂಟನ್ ಮೀಟರಿನಿಂದ 41.3ಕ್ಕೆ ಏರುತ್ತದೆ. ಎರಡೂ ಗರಿಷ್ಠ ಪವರ್ ಕೊಡುವುದು 5250 ಆರ್‌ಪಿಎಂನಲ್ಲೇ. ಕಾಗದದ ಮೇಲೆ ನೋಡಿದರೆ ಬರೀ 14 ಮಿ.ಮೀ. ಅಗಲದ ವ್ಯತ್ಯಾಸ, ಅಲ್ವಾ?

ಮೊದಲು 'ಬೋರ್ ಮಾಡಿಸೋದು' ಅನ್ನುವ ಮಾತನ್ನೇ ಬಿಡಿಸೋಣ. ಸವೆದ ಸಿಲಿಂಡರನ್ನು ಲೇತ್ ಅಂಗಡಿಗೆ ಕೊಟ್ಟು ಅರ್ಧ ಮಿ.ಮೀ. ಓವರ್‌ಸೈಜ್ ಪಿಸ್ಟನ್ ಹಾಕಿಸುತ್ತೇವಲ್ಲ, ಅದು ರಿಪೇರಿ. 70 ಇದ್ದದ್ದು 70.5 ಆದರೆ 346 ಸಿಸಿ ಸುಮಾರು 351 ಆಗುತ್ತದೆ, ಅಷ್ಟೇ. ಆಮೇಲೆ ಗಾಡಿ ಚೆನ್ನಾಗಿ ಎಳೆಯುವುದು ಆ ಐದು ಸಿಸಿಯಿಂದಲ್ಲ, ಸೋರುತ್ತಿದ್ದ ಕಂಪ್ರೆಷನ್ ನಿಂತದ್ದರಿಂದ. ಆದರೆ 70ನ್ನು 84 ಮಾಡಲು ಸುತ್ತಲೂ 7 ಮಿ.ಮೀ. ಕೊರೆಯಬೇಕು. ಅಷ್ಟು ದಪ್ಪದ ಲೈನರ್ (ಸಿಲಿಂಡರಿನ ಒಳಗೋಡೆ) ನಿಮ್ಮ ಸಿಲಿಂಡರ್ ಬ್ಲಾಕಿನಲ್ಲಿ ಇಲ್ಲ. ಹಾಗಾಗಿ ಇಡೀ ಬ್ಲಾಕೇ 500ರದ್ದು ಬೇಕು. ಅದು ಕೂರಲು ಕೆಳಗಿನ ಪೆಟ್ಟಿಗೆ, ಅಂದರೆ ಕ್ರ್ಯಾಂಕ್‌ಕೇಸಿನ ಬಾಯಿಯೂ ಅದರ ಅಳತೆಗೆ ಹೊಂದಬೇಕು.

ಸರಿ, ಬ್ಲಾಕ್ ಸಿಕ್ಕಿತು ಅಂತಿಟ್ಟುಕೊಳ್ಳಿ, ಅದರ ಮೇಲೆ ಮುಚ್ಚಳದ ಹಾಗೆ ಕೂರುವ ಹೆಡ್ ಹಳೆಯದೇ ಇರಲಿ ಅಂತ ಉಳಿಸಲು ಹೋದಿರಿ. ಇಲ್ಲಿ ಒಂದು ಸಣ್ಣ ಲೆಕ್ಕ ಇದೆ, ಬಹಳ ಜನ ಇದನ್ನು ಮಾಡುವುದೇ ಇಲ್ಲ. ನಿಮ್ಮ ಎಂಜಿನ್ನಿನ ಕಂಪ್ರೆಷನ್ 8.5:1. ಅಂದರೆ ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಅದರ ತಲೆಯ ಮೇಲೆ ಉಳಿಯುವ ಜಾಗ ಸುಮಾರು 46 ಸಿಸಿ. ಆ ಜಾಗ ಅಷ್ಟೇ ಇದ್ದು, ಕೆಳಗಿನಿಂದ 346ರ ಬದಲು 499 ಸಿಸಿ ಗಾಳಿಯನ್ನು ಅದರೊಳಗೆ ತುರುಕಿದರೆ ಕಂಪ್ರೆಷನ್ ಹೆಚ್ಚುಕಡಿಮೆ 11.8:1 ಆಗುತ್ತದೆ. ಗಾಳಿಯಲ್ಲೇ ತಣ್ಣಗಾಗಬೇಕಾದ ಎಂಜಿನ್, ಬಂಕಿನ ಮಾಮೂಲಿ ಪೆಟ್ರೋಲು, ಮೇಲೆ ಘಾಟಿ. ನಾಕಿಂಗ್, ಅಂದರೆ ಪೆಟ್ರೋಲು ಹದ ತಪ್ಪಿ ಸಿಡಿಯುವುದು, ಶುರುವಾಗುತ್ತದೆ, ಕಿವಿಗೆ ಬೀಳುವಷ್ಟರಲ್ಲಿ ಪಿಸ್ಟನ್ನಿನ ತಲೆಗೆ ಏಟು ಬಿದ್ದಿರುತ್ತದೆ.

ಹಾಗಾಗಿ ಹೆಡ್ಡೂ ಬೇಕು. ಹೆಡ್ ಬಂದ ಮೇಲೆ ಗಾಳಿ, ಪೆಟ್ರೋಲಿನ ವಿಷಯ. 346 ಸಿಸಿಗೆ ಅಂತ ಜೆಟ್ (ಪೆಟ್ರೋಲು ಬಿಡುವ ಸಣ್ಣ ತೂತು) ಹಾಕಿದ ಕಾರ್ಬುರೇಟರನ್ನು ಹಾಗೇ ಬಿಟ್ಟರೆ, ಮನೆ ತುಂಬ ನೆಂಟರು ಬಂದಾಗಲೂ ದಿನದ ಪಾವು ಅಕ್ಕಿಯನ್ನೇ ಇಟ್ಟ ಹಾಗೆ. ಕ್ಲಾಸಿಕ್ 500ರಲ್ಲಿ ಇದ್ದದ್ದು ಕಾರ್ಬುರೇಟರಲ್ಲ, ಫ್ಯುಯೆಲ್ ಇಂಜೆಕ್ಷನ್. ಅದನ್ನೇ ತರಬೇಕೆಂದರೆ ಪಂಪು, ಸೆನ್ಸರು, ಇಸಿಯು (ಅದನ್ನು ನಡೆಸುವ ಕಂಪ್ಯೂಟರ್), ವೈರಿಂಗ್ ಎಲ್ಲ ಜೊತೆಗೆ ಬರುತ್ತದೆ. ದೊಡ್ಡ ಕಾರ್ಬುರೇಟರ್ ಹಾಕಿ ಟ್ಯೂನ್ ಮಾಡುವವರೂ ಇದ್ದಾರೆ. ಒಳ್ಳೆ ಕೈ ಸಿಕ್ಕರೆ ಓಡುತ್ತದೆ, ಸಿಗದಿದ್ದರೆ ಪ್ಲಗ್ ನೋಡೋದೇ ನಿಮ್ಮ ಭಾನುವಾರದ ಕೆಲಸ.

ಕೊನೆಗೆ ಕ್ರ್ಯಾಂಕ್, ಅಂದರೆ ಪಿಸ್ಟನ್ನಿನ ಮೇಲೆ ಕೆಳಗಿನ ಓಟವನ್ನು ತಿರುಗುವಿಕೆ ಮಾಡುವ ಭಾಗ. 84ರ ಪಿಸ್ಟನ್ ಭಾರ ಜಾಸ್ತಿ. ಕ್ರ್ಯಾಂಕಿನ ಬ್ಯಾಲೆನ್ಸ್ ಮಾಡಿರುವುದು ಸಣ್ಣ ಪಿಸ್ಟನ್ನಿಗೆ, ಮತ್ತು ಈ ಎಂಜಿನ್ನಿನಲ್ಲಿ ನಡುಕ ತಗ್ಗಿಸುವ ಬ್ಯಾಲೆನ್ಸರ್ ಶಾಫ್ಟ್ ಇಲ್ಲ. ಮೊದಲೇ ನಡುಗುವ ಗಾಡಿ, ಆಮೇಲೆ ಕನ್ನಡಿಯಲ್ಲಿ ಹಿಂದಿನ ಲಾರಿ ಯಾವುದು ಅಂತಲೂ ಗೊತ್ತಾಗುವುದಿಲ್ಲ. ಪಿಸ್ಟನ್ನಿನ ಮೇಲ್ಮೈ 1.44 ಪಟ್ಟು ದೊಡ್ಡದಾದ್ದರಿಂದ ಪ್ರತಿ ಏಟಿನ ಒತ್ತಡವೂ ಕ್ರ್ಯಾಂಕಿಗೆ ಕನೆಕ್ಟಿಂಗ್ ರಾಡ್ ಸೇರುವ ಬಿಗ್ ಎಂಡ್ ಬೇರಿಂಗಿನ ಮೇಲೆ ಅಷ್ಟೇ ಏರುತ್ತದೆ.

ಬ್ಲಾಕ್, ಪಿಸ್ಟನ್, ಹೆಡ್, ಇಂಜೆಕ್ಷನ್, ಕ್ರ್ಯಾಂಕ್. ಅಂದರೆ ಒಂದು 500 ಎಂಜಿನ್ನನ್ನು ಬಿಡಿಬಿಡಿಯಾಗಿ ಕೊಂಡ ಹಾಗಾಯಿತು! 500ರ ತಯಾರಿಕೆ 2020ರಲ್ಲೇ ನಿಂತಿದೆ, ಆದರೆ ಸೆಕೆಂಡ್ ಹ್ಯಾಂಡ್ ಗಾಡಿಗಳು ಸಿಗುತ್ತವೆ. ನಿಮ್ಮದನ್ನು ಮಾರಿ ಮೇಲೆ ದುಡ್ಡು ಹಾಕಿ ಅದನ್ನೇ ತೊಗೊಳ್ಳಿ, ಆರ್‌ಸಿಯಲ್ಲೂ 499 ಅಂತಲೇ ಇರುತ್ತದೆ. ಹೊಸ ಕ್ಲಾಸಿಕ್ ಇರುವವರೂ ಇದನ್ನು ಓದುತ್ತಿದ್ದರೆ, 2021ರಿಂದ ಬಂದ ಎಂಜಿನ್ನೇ ಬೇರೆ, ಬೋರ್ 72, ಸ್ಟ್ರೋಕ್ 85.8 ಮಿ.ಮೀ. ಹಳೆ 500ರ ಬ್ಲಾಕಿಗೂ ಅದಕ್ಕೂ ಸಂಬಂಧವಿಲ್ಲ.

ಆರ್‌ಸಿ ಮಾತು ಬಂತಲ್ಲ, ಅದು ಸಣ್ಣ ವಿಷಯವಲ್ಲ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿಯ ಮೂಲ ವಿವರಕ್ಕೆ ತಾಳೆಯಾಗದ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಇಂಥ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಸೇರಿಸಿದ್ದಾರೆ. ಪೊಲೀಸರು ಎಂಜಿನ್ ಬಿಚ್ಚಿ ನೋಡ್ತಾರಾ ಅಂತ ನಗಬೇಡಿ. ಅಪಘಾತವಾದಾಗ ಇನ್ಶೂರೆನ್ಸ್ ಸರ್ವೇಯರ್ ನೋಡುತ್ತಾನೆ.

ಈಗ ನಿಮ್ಮ ಚಾರ್ಮಾಡಿ. ಈ ಎಂಜಿನ್ನಿನ ಪೂರ್ತಿ ಟಾರ್ಕ್ ಬರುವುದು 4000 ಆರ್‌ಪಿಎಂನಲ್ಲಿ. ಬುಲೆಟ್ ಅಂದರೆ ಟಾಪ್ ಗೇರಿನಲ್ಲಿ ಡುಗ್ ಡುಗ್ ಅಂತಲೇ ಹತ್ತಬೇಕು ಅಂದುಕೊಂಡು ಅದರ ಅರ್ಧದಲ್ಲೇ ಎಳೆಸುತ್ತೇವೆ, ಆಮೇಲೆ ಗಾಡಿಯನ್ನು ಬೈಯುತ್ತೇವೆ. ಮೂರನೇ ಗೇರಿಗೆ ಇಳಿಸಿ, ಬೇಕಾದರೆ ಎರಡಕ್ಕೆ. ಹೋಗುವ ಮುಂಚೆ ಕಂಪ್ರೆಷನ್ ಚೆಕ್ ಮಾಡಿಸಿ, ಏರ್ ಫಿಲ್ಟರ್ ಬದಲಿಸಿ, ಕ್ಲಚ್ ಜಾರುತ್ತಿದೆಯಾ ನೋಡಿಸಿ, ಬ್ರೇಕ್ ಹಿಡಿದುಕೊಂಡಿದೆಯಾ ಚಕ್ರ ತಿರುಗಿಸಿ ನೋಡಿ. ಟ್ಯಾಪೆಟ್ (ವಾಲ್ವಿನ ಸಂದು) ಸೆಟ್ ಮಾಡ್ತೀನಿ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ, ಇದರಲ್ಲಿರುವುದು ಹೈಡ್ರಾಲಿಕ್, ತಾನೇ ಸೆಟ್ ಆಗುತ್ತದೆ. ಇಷ್ಟಾದ ಮೇಲೂ ಸಾಲದು ಅನಿಸಿದರೆ ಮುಂದಿನ ಸ್ಪ್ರಾಕೆಟ್ಟಿನಲ್ಲಿ (ಚೈನ್ ಓಡುವ ಹಲ್ಲುಚಕ್ರ) ಒಂದು ಹಲ್ಲು ಕಡಿಮೆ ಮಾಡಿಸಿ. ಚಕ್ರಕ್ಕೆ ಹೋಗುವ ಎಳೆತ ಸುಮಾರು 6% ಜಾಸ್ತಿಯಾಗುತ್ತದೆ. ಹೈವೇಯಲ್ಲಿ ಎಂಜಿನ್ ಸ್ವಲ್ಪ ಹೆಚ್ಚು ಕೂಗುತ್ತದೆ, ನೀವು 80ರ ಮೇಲೆ ಹೋಗುವವರಲ್ಲದಿದ್ದರೆ ಅದು ಲೆಕ್ಕಕ್ಕೇ ಇಲ್ಲ.