ಮೆಣಸಿನಕಾಯಿ ಚೀಲ ಹೊತ್ತ ಸೈಕಲ್ ಬೇರೆ

ಮಳೆ ಹಿಂದೆ ಸರಿದೊಡನೆ ನನ್ನ ಸೈಕಲ್ ಅಂಗಡಿಗೆ ರೋಡ್ ಬೈಕುಗಳು, ಅಂದರೆ ತೆಳು ಟೈರಿನ ಹಗುರ ಸೈಕಲ್ಲುಗಳು, ಬರತೊಡಗುತ್ತವೆ. ಹಳಿಯಾಳದ ಮೇಲಿಂದ ದಾಂಡೇಲಿಗೆ ಹೋಗಬೇಕು, ಗದಗ ದಾಟಿ ಲಕ್ಕುಂಡಿಯ ಗುಡಿ ನೋಡಿಕೊಂಡು ಮರುದಿನ ಹುಬ್ಬಳ್ಳಿಗೆ ಮರಳಬೇಕು. ಎರಡು ಜೊತೆ ಬಟ್ಟೆ, ಒಂದು ಚಾದರ, ಪಂಕ್ಚರ್ ಸಾಮಾನು ಇಡಲು ಕ್ಯಾರಿಯರ್ ಕೂಡಿಸಿಕೊಡಿ ಎನ್ನುತ್ತಾರೆ. ಒಳ್ಳೆಯ ಆಸೆ. ಆದರೆ ಎಲ್ಲರೂ ಮೊದಲು ಕೇಳುವುದು ಒಂದೇ ಪ್ರಶ್ನೆ: "ಇದು ಎಷ್ಟು ಕಿಲೋ ತಡೆಯುತ್ತದೆ?" ಕೇಳುತ್ತಲೇ ಪೆಟ್ಟಿಗೆಯ ಮೇಲಿನ ಅಂಕಿಗೆ ಬೆರಳಿಡುತ್ತಾರೆ. 50 ಕಿಲೋ ಎಂದು ಅಚ್ಚು ಹಾಕಿದ್ದನ್ನೂ ನೋಡಿದ್ದೇನೆ.

ಆ ಅಂಕಿ ಕ್ಯಾರಿಯರಿನದು, ನಿಮ್ಮ ಸೈಕಲ್ಲಿನದಲ್ಲ. ಇದನ್ನು ದಿನಕ್ಕೊಮ್ಮೆಯಾದರೂ ಹೇಳುತ್ತೇನೆ. ತಲೆಯಾಡಿಸಿ ಮತ್ತೆ ಅಂಕಿಯನ್ನೇ ನೋಡುತ್ತಾರೆ.

ಕ್ಯಾರಿಯರಿಗೆ ಕಾಲುಗಳಿರುವುದು ಅಂದಕ್ಕಲ್ಲ. ಭಾರ ಆ ಕಾಲುಗಳಗುಂಟ ಇಳಿದು ಹಿಂದಿನ ಆಕ್ಸಲ್ (ಚಕ್ರದ ನಡುವಿನ ಅಚ್ಚು) ಹತ್ತಿರದ ಎರಡು ಬೋಲ್ಟುಗಳ ಮೇಲೆ ಕೂರುತ್ತದೆ. ಐದು ಮಿಲಿಮೀಟರ್ ದಪ್ಪದ ಬೋಲ್ಟುಗಳು, ಅಷ್ಟೇ. ಸೀಟಿನ ಕೆಳಗಿನ ಸರಳುಗಳು ಕ್ಯಾರಿಯರ್ ಹಿಂದಕ್ಕೆ ಮಗುಚದಂತೆ ಹಿಡಿಯುತ್ತವೆಯೇ ಹೊರತು ಭಾರ ಹೊರುವುದು ಕಡಿಮೆ. ಹೀಗೆ ಹೊರಲೆಂದೇ ಮಾಡಿದ ಫ್ರೇಮಿನಲ್ಲಿ ಆಕ್ಸಲ್ ಪಕ್ಕ ಥ್ರೆಡ್ ಇರುವ ತೂತು ಇರುತ್ತದೆ. ಬಹಳಷ್ಟು ರೋಡ್ ಬೈಕುಗಳಲ್ಲಿ ಅದು ಇರುವುದಿಲ್ಲ. ಇಲ್ಲದವರು ಸೀಟಿನ ಕಂಬವನ್ನು ಕಚ್ಚಿ ಹಿಡಿಯುವ ಕ್ಯಾರಿಯರ್ ತರಿಸಿಕೊಳ್ಳುತ್ತಾರೆ. ಅದಕ್ಕೆ ಕಾಲೇ ಇಲ್ಲ. ತುಂಬಿದ ಕೊಡವನ್ನು ಸೊಂಟದ ಮೇಲಿಟ್ಟುಕೊಂಡು ನಡೆಯುವುದಕ್ಕೂ ಕೈ ಚಾಚಿ ಹಿಡಿದು ನಡೆಯುವುದಕ್ಕೂ ಇರುವ ವ್ಯತ್ಯಾಸ ಇದು. ರಸ್ತೆಯ ಪ್ರತಿ ತಗ್ಗಿನಲ್ಲೂ ಆ ಕೈಯನ್ನು ಯಾರೋ ಜಗ್ಗಿದಂತೆ.

ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿ ಇಂಥದನ್ನು ಕಟ್ಟಿಕೊಂಡು ಹಳಿಯಾಳದವರೆಗೆ ಹೋಗಿ ಬಸ್ಸಿನಲ್ಲಿ ಮರಳಿದ. ಕ್ಯಾರಿಯರ್ ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದಿತ್ತು. ಕಂಬದ ಮೇಲೆ ಉಗುರಿನಿಂದ ಗೀಚಿದಂಥ ಅರ್ಧಚಂದ್ರದ ಗೆರೆಗಳು, ಒಂದರ ಕೆಳಗೊಂದು: ಹಿಡಿತ ಸ್ವಲ್ಪ ಸ್ವಲ್ಪವಾಗಿ ಜಾರಿ, ಪಕ್ಕಕ್ಕೆ ಹೊರಳಿ, ಚೀಲ ಚಕ್ರಕ್ಕೆ ಸಿಕ್ಕಿತ್ತು. ಮೂರು ಸ್ಪೋಕ್ ಹೋಗಿದ್ದವು. ಅವನ ಕಂಬ ಅಲ್ಯೂಮಿನಿಯಂ ಆಗಿದ್ದು ಪುಣ್ಯ. ಕಾರ್ಬನ್ ನಾರಿನ ಕಂಬಕ್ಕಾಗಲಿ ಫ್ರೇಮಿಗಾಗಲಿ ನಾನು ಯಾವ ಕ್ಲಾಂಪನ್ನೂ ಬಿಗಿಯುವುದಿಲ್ಲ; ಒಳಗೆ ಬಿರುಕು ಬಿಟ್ಟರೂ ಅದು ಹೊರಗೆ ತೋರಿಸಿಕೊಳ್ಳದಿರಬಹುದು. ಅಂಥವರಿಗೆ ಸೀಟಿನ ಹಿಂದೆ ಕಟ್ಟುವ ಉದ್ದ ಚೀಲವೇ ಸರಿ.

ಹಾವೇರಿ ಕಡೆಯ ನಿವೃತ್ತ ಮೇಷ್ಟರೊಬ್ಬರು ಮಾತ್ರ ನನ್ನನ್ನು ಒಂದು ಕ್ಷಣ ನಿರುತ್ತರ ಮಾಡಿದರು. "ನಮ್ಮಪ್ಪ ಸೈಕಲ್ಲಿನ ಮೇಲೆ ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಚೀಲ ಒಯ್ಯುತ್ತಿದ್ದ. ಅದಕ್ಕಿಂತ ಎಷ್ಟೋ ಪಟ್ಟು ದುಡ್ಡು ಕೊಟ್ಟ ಈ ಸೈಕಲ್ ಹತ್ತು ಕಿಲೋಗೆ ಅಂಜುತ್ತದೆಯೇ?" ಅವರನ್ನು ಅಂಗಡಿಯ ಮೂಲೆಯಲ್ಲಿದ್ದ ಹಳೆಯ ಸೈಕಲ್ಲಿನ ಬಳಿ ಕರೆದೊಯ್ದೆ. ಉಕ್ಕಿನ ಫ್ರೇಮ್, ಒಂದೂವರೆ ಇಂಚಿನ ಟೈರ್, ಕ್ಯಾರಿಯರಿನ ಕಾಲು ನೇರ ಆಕ್ಸಲ್ ನಟ್ಟಿನ ಒಳಗೆ. ಹಿಂದಿನ ಚಕ್ರದ ಕಡ್ಡಿ ಎಣಿಸಿ ಎಂದೆ. 40. ಅವರದರಲ್ಲಿ 24, ಟೈರ್ 25 ಮಿಲಿಮೀಟರ್. ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ಎಣಿಸಿ, "ದುಡ್ಡು ಹೆಚ್ಚು, ಕಡ್ಡಿ ಕಡಿಮೆ" ಎಂದರು. ಅಂದಿನಿಂದ ಗಿರಾಕಿಗಳಿಗೆ ಅವರ ಮಾತನ್ನೇ ಹೇಳುತ್ತೇನೆ.

ಮೇಷ್ಟರಿಗೆ ಕ್ವಿಕ್ ರಿಲೀಸ್ ಆಕ್ಸಲ್ಲಿಗೇ (ಪಾನಾ ಇಲ್ಲದೆ ಹಿಡಿ ತಿರುಗಿಸಿ ಬಿಚ್ಚುವಂಥದು) ಕಾಲೂರುವ ಕ್ಯಾರಿಯರ್ ಕೂಡಿಸಿದೆ, ಕ್ಯಾರಿಯರಿನ ಜೊತೆಗೆ ಬಂದ ಉದ್ದದ ಆಕ್ಸಲ್ ಸರಳನ್ನೇ ಬಳಸಿ. ಮೇಲೆ, ಸೀಟಿನ ಕೊರಳ ಪಟ್ಟಿಯನ್ನು ತೆಗೆದು, ಕ್ಯಾರಿಯರಿನ ಸರಳು ಬಿಗಿಯಲು ತೂತಿರುವ ಪಟ್ಟಿ ಹಾಕಿದೆ. ಆರೇಳು ಕಿಲೋ ಸಾಕು ಎಂದೆ. ನಿಮ್ಮ ಸೈಕಲ್ ನೋಡದೆ ನಿಮಗೂ ಅದೇ ಅಂಕಿ ಹೇಳಲಾರೆ. ಸೈಕಲ್ ತಯಾರಕರ ಕೈಪಿಡಿಯೇ ಕ್ಯಾರಿಯರ್ ಬೇಡವೆಂದರೆ ಬೇಡ. ಫ್ರೇಮಿನಲ್ಲಿ ತೂತಿರುವ ಅದೃಷ್ಟವಂತರು ಬಲಗಡೆಯ ಬೋಲ್ಟಿನ ಉದ್ದ ನೋಡಿಕೊಳ್ಳಲಿ: ಒಳಕ್ಕೆ ಚಾಚಿದರೆ, ಹಿಂದಿನ ಅತಿ ಚಿಕ್ಕ ಹಲ್ಲುಚಕ್ರದ ಮೇಲಿರುವಾಗ ಚೈನ್ ಅದಕ್ಕೆ ಉಜ್ಜುತ್ತದೆ.

ಪಕ್ಕದ ಚೀಲ ತೂಗುಹಾಕುವ ಮೊದಲು ಬೂಟು ಹಾಕಿಕೊಂಡು ಪೆಡಲ್ ತುಳಿದು ನೋಡಬೇಕು. ಪೆಡಲ್ ತಿರುಗುವ ನಡುವಿನಿಂದ ಹಿಂದಿನ ಆಕ್ಸಲ್ಲಿಗೆ ಇಂಥ ಸೈಕಲ್ಲಿನಲ್ಲಿ 41 ಸೆಂಟಿಮೀಟರ್ ಆಸುಪಾಸು ಮಾತ್ರ. ಅದಕ್ಕೇ ಹಿಮ್ಮಡಿ ಚೀಲಕ್ಕೆ ಬಡಿಯುತ್ತದೆ. ಮೇಷ್ಟರ ಹಿಮ್ಮಡಿಯೂ ಬಡಿಯಿತು. ಚೀಲವನ್ನು ಎರಡು ಬೆರಳು ಹಿಂದೆ ಸರಿಸಿದೆವು.

ಹೊಸದಾಗಿ ಬಿಗಿದ ಬೋಲ್ಟು ಮೊದಲ ಇಪ್ಪತ್ತು ಕಿಲೋಮೀಟರಿನಲ್ಲಿ ಸಡಿಲಾಗಬಹುದು, ಅಲೆನ್ ಕೀಲಿ ಜೇಬಿನಲ್ಲಿರಲಿ ಎಂದು ಹೇಳಿ ಕಳಿಸಿದ್ದೆ. ಹಾವೇರಿ ದಾರಿಯ ವರೂರಿನಲ್ಲಿ ಚಹಾಕ್ಕೆ ನಿಂತಾಗ ಮೇಷ್ಟರು ಫೋನ್ ಮಾಡಿದರು. ಎಡಗಡೆಯ ಮೇಲಿನದು ಅರ್ಧ ಸುತ್ತು ತಿರುಗಿತಂತೆ.