ಅಂಗೈ ಲಿನಕ್ಸ್‌ನ ಹಳೆಯ ಜಗಳ: ಒಂದೇ ಅಡುಗೆಮನೆಯೋ, ಬುತ್ತಿಯ ಗಂಟೋ?

2009ರ ಕೊನೆಯಲ್ಲಿ ನೋಕಿಯಾದ ಎನ್900 ಫೋನ್ ಬಂತು. ಮರುವರ್ಷ ಪಂಡೋರಾ ಎಂಬ ಪುಟ್ಟ ಕೀಲಿಮಣೆಯ ಆಟದ ಕಂಪ್ಯೂಟರ್ ಬಂತು. ಎರಡರಲ್ಲೂ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆ, ಒಂದೇ ಕುಲದ 600 ಮೆಗಾಹರ್ಟ್ಸ್ ಚಿಪ್, 256 ಎಂಬಿ ರ‍್ಯಾಮ್. ಆದರೆ ತಂತ್ರಾಂಶವನ್ನು ಹೇಗೆ ಇಡಬೇಕು ಎಂಬಲ್ಲಿ ಇವೆರಡೂ ಬೆನ್ನಿಗೆ ಬೆನ್ನು ಹಾಕಿ ನಿಂತವು.

ಜಗಳದ ಬೇರು ಇನ್ನೂ ಹಿಂದಿದೆ. ಚಿತ್ರ ಬಿಚ್ಚುವುದು, ಅಕ್ಷರ ಮೂಡಿಸುವುದು ಮುಂತಾದ ಎಲ್ಲರಿಗೂ ಬೇಕಾದ ಕೆಲಸಗಳ ಸಿದ್ಧ ಕೋಡ್‌ಗೆ ಲೈಬ್ರರಿ ಎನ್ನುತ್ತಾರೆ. ಅದರ ಒಂದೇ ಪ್ರತಿಯನ್ನು ಇಟ್ಟು ಎಲ್ಲ ಪ್ರೋಗ್ರಾಂಗಳೂ ಬಳಸುವುದು ಲಿನಕ್ಸ್‌ನ ರೂಢಿ, ಮನೆಮಂದಿಗೆಲ್ಲ ಒಂದೇ ಅಡುಗೆಮನೆ ಇದ್ದ ಹಾಗೆ. 2002ರ ಅಂಗೈ ಕಂಪ್ಯೂಟರ್ ಶಾರ್ಪ್ ಝೌರಸ್ ಎಸ್‌ಎಲ್-5500ರಲ್ಲಿ ಇದ್ದದ್ದು 16 ಎಂಬಿ ಫ್ಲ್ಯಾಶ್ (ಕಡತಗಳನ್ನು ಉಳಿಸಿಡುವ ಚಿಪ್) ಮಾತ್ರ. ಅಲ್ಲಿ ಹಂಚಿಕೊಳ್ಳದೆ ಬದುಕಿರಲಿಲ್ಲ. ಬೆಂಗಳೂರಿನಲ್ಲಿ ರೂಪುಗೊಂಡ ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರ್ ಕೂಡ ಝೌರಸ್‌ನಲ್ಲಿದ್ದ ಸ್ಟ್ರಾಂಗ್‌ಆರ್ಮ್ ಪ್ರೊಸೆಸರ್‌ನದೇ, ಅದೇ ಇಕ್ಕಟ್ಟಿನ ಕಾಲದ ಸಾಧನ. ಜಾಗ ಸಾಲದಾದಾಗ ಝೌರಸ್ ಬಳಕೆದಾರರು ಪ್ರೋಗ್ರಾಂಗಳನ್ನು ಮೆಮೊರಿ ಕಾರ್ಡಿಗೆ ಹಾಕಿ, ಒಳಗಿನ ಫ್ಲ್ಯಾಶ್‌ನಲ್ಲಿ ಅವುಗಳತ್ತ ತೋರುವ ಕೊಂಡಿಗಳನ್ನು ಇಡುತ್ತಿದ್ದರು. ಕಾರ್ಡ್ ಕಿತ್ತರೆ ಕೊಂಡಿಗಳು ಅನಾಥವಾಗುತ್ತಿದ್ದವು.

ಎನ್900ರಲ್ಲಿ 32 ಜಿಬಿ ಜಾಗವಿತ್ತು, ಆದರೂ ಸಂಕಟ ತಪ್ಪಲಿಲ್ಲ. ಅದರ ಮೇಮೋ ವ್ಯವಸ್ಥೆ ಡೆಬಿಯನ್ ಎಂಬ ಹಳೆಯ ಲಿನಕ್ಸ್ ಬಗೆಯ ಸಂಪ್ರದಾಯದ್ದು. ಲೈಬ್ರರಿಗಳೆಲ್ಲ ಮೂಲ ವಿಭಾಗಕ್ಕೆ ಹೋಗಬೇಕು, ಆ ವಿಭಾಗ ಇದ್ದದ್ದು 256 ಎಂಬಿಯ ಬೇರೆ ಚಿಪ್‌ನಲ್ಲಿ. 32 ಜಿಬಿಯ ಬಹುಭಾಗವನ್ನು ವಿಂಡೋಸ್ ಕಂಪ್ಯೂಟರಿಗೂ ಕಾಣಲೆಂದು ಫ್ಯಾಟ್ ಎಂಬ ಕಡತವ್ಯವಸ್ಥೆಯಲ್ಲಿ ಅಣಿಗೊಳಿಸಿದ್ದರು. ಲೈಬ್ರರಿಯ ಆವೃತ್ತಿಗಳನ್ನು ಹೆಸರಿನಿಂದ ಹೆಸರಿಗೆ ಜೋಡಿಸುವ ಕೊಂಡಿಗಳು ಫ್ಯಾಟ್‌ನಲ್ಲಿ ನಿಲ್ಲುವುದಿಲ್ಲ. ಕೊನೆಗೆ, ದೊಡ್ಡ ಕಡತಗಳನ್ನು 'ಆಪ್ಟ್' ಫೋಲ್ಡರಿನ ಮೂಲಕ ಇನ್ನೊಂದು 2 ಜಿಬಿ ವಿಭಾಗಕ್ಕೆ ಸಾಗಿಸಿ ಎಂದು ಪ್ರೋಗ್ರಾಂ ಬರೆಯುವವರನ್ನು ಕೇಳಿಕೊಳ್ಳಬೇಕಾಯಿತು. ಈ ಕೆಲಸಕ್ಕೆ 'ಆಪ್ಟಿಫೈ' ಎಂಬ ಕ್ರಿಯಾಪದವೇ ಹುಟ್ಟಿತು.

ಪಂಡೋರಾ ಅದೇ ಫ್ಯಾಟ್‌ ಅನ್ನು ಮೆಮೊರಿ ಕಾರ್ಡಿನಲ್ಲಿ ಬೇರೆ ಬಗೆಯಲ್ಲಿ ಪಳಗಿಸಿತು. ಅದರ ಪಿಎನ್‌ಡಿ ಎಂಬ ಪ್ಯಾಕೇಜ್ ಒಂದೇ ಕಡತ: ಒಳಗೆ ಇಡೀ ಕಡತವ್ಯವಸ್ಥೆಯ ಒತ್ತಿಟ್ಟ ಪ್ರತಿರೂಪ, ಪ್ರೋಗ್ರಾಂ, ಅದಕ್ಕೆ ಬೇಕಾದ ವಿಶೇಷ ಲೈಬ್ರರಿಗಳು. ಮನೆಯಿಂದಲೇ ಬುತ್ತಿ ಕಟ್ಟಿಕೊಂಡು ಬಂದ ಹಾಗೆ. ಕಾರ್ಡ್ ಹಾಕಿದರೆ ಮೆನುವಿನಲ್ಲಿ ಆಟ ಕಾಣುತ್ತದೆ, ತೆಗೆದರೆ ಮರೆಯಾಗುತ್ತದೆ. ಮೂಲ ವ್ಯವಸ್ಥೆಗೆ ಗೀರೂ ಬೀಳುವುದಿಲ್ಲ. ನನ್ನ ಕಣ್ಣಿಗೆ ಆ ಕಾಲದ ಅತ್ಯಂತ ಸೊಗಸಾದ ವಿನ್ಯಾಸ ಇದು.

ಬೆಲೆ ಇರಲಿಲ್ಲವೆಂದಲ್ಲ. ಹಂಚಿಕೆಯ ಲೈಬ್ರರಿಯ ಕೋಡ್ ರ‍್ಯಾಮ್‌ನಲ್ಲಿ ಒಮ್ಮೆ ಕೂತರೆ ಹತ್ತು ಪ್ರೋಗ್ರಾಂಗಳಿಗೆ ಸಾಕು. ಬುತ್ತಿಯ ಪ್ರತಿಗಳು ಬೇರೆ ಬೇರೆಯಾಗಿ ಜಾಗ ಹಿಡಿಯುತ್ತವೆ. ಒಂದು ಹೊತ್ತಿಗೆ ಒಂದು ಆಟವಾಡುವ ಪಂಡೋರಾಗೆ ಅದು ಹೊರೆಯಲ್ಲ. ಹಲವು ಕಿಟಕಿ ತೆರೆದಿಡುವ ಎನ್900ಗೆ ಹೊರೆಯಾಗುತ್ತಿತ್ತು.

ಜಾಗ ಅಗ್ಗವಾದ ಮೇಲೂ ಉಳಿದ ಪ್ರಶ್ನೆ ದುರಸ್ತಿಯದು. 2002ರಲ್ಲಿ ದತ್ತಾಂಶವನ್ನು ಒತ್ತಿಡುವ ಝಡ್‌ಲಿಬ್ ಎಂಬ ಲೈಬ್ರರಿಯಲ್ಲಿ ಭದ್ರತಾ ದೋಷ ಸಿಕ್ಕಾಗ, ಹಂಚಿಕೆಯ ಪ್ರತಿಯನ್ನು ಒಮ್ಮೆ ಬದಲಿಸಿದರೆ ಅದನ್ನು ಬಳಸುವವರೆಲ್ಲ ಸುರಕ್ಷಿತ. ಸ್ವಂತ ಪ್ರತಿ ಹೊತ್ತವರನ್ನು ಮಾತ್ರ ಒಬ್ಬೊಬ್ಬರನ್ನಾಗಿ ಹುಡುಕಬೇಕಾಯಿತು. 2023ರ ಸೆಪ್ಟೆಂಬರಿನಲ್ಲಿ ಚಿತ್ರ ಬಿಚ್ಚುವ ಲಿಬ್‌ವೆಬ್‌ಪಿಯ ದೋಷ ಅದೇ ಕಥೆಯನ್ನು ಮತ್ತೆ ನಡೆಸಿತು. ಕನ್ನಡಕ್ಕೂ ಇದು ತಟ್ಟುತ್ತದೆ. ನಮ್ಮ ಒತ್ತಕ್ಷರಗಳನ್ನು ಸರಿಯಾದ ಜಾಗದಲ್ಲಿ ಕೂರಿಸುವ ಕೆಲಸ ಹಾರ್ಫ್‌ಬಜ್‌ನಂಥ ಲೈಬ್ರರಿಯದು. ಅಲ್ಲಿ ಆದ ತಿದ್ದುಪಡಿ ಹಳೆಯ ಪ್ರತಿ ಹೊತ್ತ ಪ್ಯಾಕೇಜಿಗೆ ತಲುಪುವುದೇ ಇಲ್ಲ. ಆದ್ದರಿಂದ ಬುತ್ತಿಯನ್ನು ಎಷ್ಟೇ ಮೆಚ್ಚಿದರೂ ಅಕ್ಷರ ಮೂಡಿಸುವ ಲೈಬ್ರರಿ ಹಂಚಿಕೆಯದೇ ಆಗಿರಬೇಕು ಎನ್ನುವವನು ನಾನು.

ಲಿನಕ್ಸ್ ಪ್ರೋಗ್ರಾಂಗಳನ್ನು ಹಂಚುವ ಈಗಿನ ಫ್ಲಾಟ್‌ಪ್ಯಾಕ್ ವಿಧಾನ ನಡುದಾರಿ ಹಿಡಿದಿದೆ. ಸಾಮಾನ್ಯ ಲೈಬ್ರರಿಗಳ ಒಂದು ಕಂತೆಯನ್ನು 'ರನ್‌ಟೈಮ್' ಎಂದು ಹಂಚಿಕೊಳ್ಳುತ್ತಾರೆ, ಉಳಿದದ್ದನ್ನು ಪ್ರೋಗ್ರಾಂ ತಾನೇ ತರುತ್ತದೆ. 2022ರ ಸ್ಟೀಮ್ ಡೆಕ್ ಆಟದ ಸಾಧನದಲ್ಲಿ ಮೂಲ ವ್ಯವಸ್ಥೆಗೆ ಬೀಗ ಹಾಕಿ, ಹೊರಗಿನ ಪ್ರೋಗ್ರಾಂಗಳಿಗೆ ಈ ದಾರಿಯನ್ನೇ ತೋರಿಸಿದ್ದಾರೆ. ಪುಟ್ಟ ಪ್ರೋಗ್ರಾಂ ಒಂದನ್ನು ಮೊದಲ ಸಲ ಹಾಕಿಕೊಂಡರೆ ನೂರಾರು ಎಂಬಿಯ ರನ್‌ಟೈಮ್ ಜೊತೆಗೆ ಇಳಿಯುತ್ತದೆ. ಎರಡನೆಯದು ಅದೇ ರನ್‌ಟೈಮ್ ಕೇಳಿದರೆ ಅದನ್ನು ಮತ್ತೆ ಇಳಿಸಬೇಕಿಲ್ಲ. ಹಳೆಯ ಆವೃತ್ತಿಯನ್ನು ಕೇಳಿದರೆ, ಸ್ಟೀಮ್ ಡೆಕ್‌ನ 64 ಜಿಬಿ ಮಾದರಿಯಲ್ಲಿ ಮತ್ತೆ ನೂರಾರು ಎಂಬಿಗೆ ಜಾಗ ಹುಡುಕಬೇಕು.