ಸಿನಿಮಾ ಜಗ್ಗಿದರೆ ನೆಟ್ಟನ್ನು ಬೈಯಬೇಡಿ

ಸಿನಿಮಾದಲ್ಲಿ ಕ್ಯಾಮೆರಾ ನಿಧಾನಕ್ಕೆ ಎಡದಿಂದ ಬಲಕ್ಕೆ ತಿರುಗುತ್ತದೆ. ಬೆಟ್ಟ, ಮರ, ಮನೆಗಳು ನುಣ್ಣಗೆ ಸರಿಯುವ ಬದಲು ಜಗ್ಗಿ ಜಗ್ಗಿ ಸರಿಯುತ್ತವೆ. ಕೊನೆಯಲ್ಲಿ ಹೆಸರುಗಳು ಮೇಲಕ್ಕೆ ಹೋಗುವಾಗಲಂತೂ ಅಕ್ಷರಗಳು ನಡುಗುತ್ತವೆ. ಮನೆಯಲ್ಲಿ ಯಾರಾದರೊಬ್ಬರು ತಕ್ಷಣ ‘ನೆಟ್ ಸ್ಲೋ ಇದೆ’ ಅನ್ನುತ್ತಾರೆ. ಇನ್ನೊಬ್ಬರು ಜಾಸ್ತಿ ಸ್ಪೀಡಿನ ಪ್ಲಾನ್ ಹಾಕಿಸಲು ಹೇಳುತ್ತಾರೆ. ಸುಮ್ನೆ ದುಡ್ಡು ದಂಡ.

ನೆಟ್ ಕಮ್ಮಿಯಾದರೆ ಚಿತ್ರ ಮಸುಕಾಗುತ್ತದೆ. ಕತ್ತಲೆಯ ದೃಶ್ಯಗಳಲ್ಲಿ ಚೌಕ ಚೌಕವಾಗಿ ಒಡೆಯುತ್ತದೆ. ಇಲ್ಲವೇ ಪೂರ್ತಿ ನಿಂತು, ನಡುವೆ ಚಕ್ರ ತಿರುಗುತ್ತದೆ. ಬಿಡದೆ ಒಂದೇ ಲಯದಲ್ಲಿ ಜಗ್ಗುತ್ತಿದ್ದರೆ ಹೆಚ್ಚಿನ ಸಲ ಕಾರಣ ಬೇರೆ. 60ನ್ನು 24ರಿಂದ ಭಾಗಿಸಿದರೆ ಶೇಷ ಉಳಿಯುತ್ತದೆ, ಅಷ್ಟೇ!

ಸಿನಿಮಾ ಅಂದರೆ ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ. ಟಿವಿಗೆ ಸಿಕ್ಕಿಸುವ ಸ್ಟ್ರೀಮಿಂಗ್ ಸ್ಟಿಕ್ಕು, ಬಾಕ್ಸುಗಳು ಸಾಮಾನ್ಯವಾಗಿ ಸೆಕೆಂಡಿಗೆ 60 ಸಲ ಚಿತ್ರ ಕಳಿಸುತ್ತವೆ. ಊಟದ ಪಂಕ್ತಿಯಲ್ಲಿ 24 ಜನ ಕೂತಿದ್ದಾರೆ, ಇರುವುದು 60 ಹೋಳಿಗೆ ಅಂದುಕೊಳ್ಳಿ. ತಲಾ ಎರಡೂವರೆ ಬರಬೇಕು. ಆದರೆ ಹೋಳಿಗೆ ಮುರಿಯುವ ಹಾಗಿಲ್ಲ. ಹಾಗಾಗಿ ಒಬ್ಬರಿಗೆ ಎರಡು, ಪಕ್ಕದವರಿಗೆ ಮೂರು, ಮತ್ತೆ ಎರಡು, ಮತ್ತೆ ಮೂರು. ಹೋಳಿಗೆಯೇನೋ ಸರಿಯಾಗಿ ಖಾಲಿಯಾಯಿತು, ಆದರೆ ಯಾರಿಗೂ ಸಮಪಾಲು ಸಿಗಲಿಲ್ಲ. ತೆರೆಯ ಮೇಲೆ ಆಗುವುದೂ ಇದೇ. ಒಂದು ಫ್ರೇಮ್ 33 ಮಿಲಿಸೆಕೆಂಡ್ ನಿಲ್ಲುತ್ತದೆ, ಮುಂದಿನದು 50. ನಿಜಕ್ಕೂ ಪ್ರತಿಯೊಂದೂ ಸುಮಾರು 42 ನಿಲ್ಲಬೇಕಿತ್ತು.

ಇಷ್ಟು ಸಣ್ಣ ವ್ಯತ್ಯಾಸ ಯಾರಿಗೆ ಕಾಣುತ್ತದೆ ಅನ್ನಬಹುದು. ಕಣ್ಣಿಗೆ ಕಾಣುತ್ತದೆ! ಒಂದೇ ವೇಗದಲ್ಲಿ ಸರಿಯುವ ವಸ್ತುವನ್ನು ನೋಡುವಾಗ ಕಣ್ಣು ಅದರ ಜೊತೆಗೇ ಸರಿಯುತ್ತದೆ, ಮುಂದೆ ಎಲ್ಲಿರುತ್ತದೆ ಅಂತ ಮೊದಲೇ ಲೆಕ್ಕ ಹಾಕುತ್ತದೆ. ಆ ಲೆಕ್ಕಕ್ಕಿಂತ ಚಿತ್ರ ಒಮ್ಮೆ ಹಿಂದೆ, ಒಮ್ಮೆ ಮುಂದೆ ಇದ್ದರೆ ಕಿರಿಕಿರಿ ಶುರು. ಮಾತಾಡುವ ಮುಖಗಳಲ್ಲಿ ಇದು ಗೊತ್ತೇ ಆಗುವುದಿಲ್ಲ. ಕ್ಯಾಮೆರಾ ತಿರುಗಿದಾಗ ಬಯಲಾಗುತ್ತದೆ.

ಥಿಯೇಟರಿನಲ್ಲಿ ಈ ಏರುಪೇರು ಇರಲಿಲ್ಲ. ರೀಲಿನ ಕಾಲದ ಪ್ರೊಜೆಕ್ಟರ್ ಒಂದೊಂದು ಫ್ರೇಮನ್ನೂ ಎರಡು ಇಲ್ಲವೇ ಮೂರು ಸಲ ಮಿನುಗಿಸುತ್ತಿತ್ತು. ಎಲ್ಲಕ್ಕೂ ಸಮಪಾಲು. 24 ಅನ್ನುವ ಅಂಕಿಯೂ ಕಣ್ಣಿನ ಸಲುವಾಗಿ ಬಂದದ್ದಲ್ಲ. ಮೂಕಿ ಚಿತ್ರಗಳ ಕಾಲದಲ್ಲಿ ಕ್ಯಾಮೆರಾಮನ್ ಕೈಯಲ್ಲೇ ಹಿಡಿಕೆ ತಿರುಗಿಸುತ್ತಿದ್ದ, ವೇಗ ಹೆಚ್ಚುಕಮ್ಮಿ ಆದರೂ ನಡೆಯುತ್ತಿತ್ತು. 1920ರ ದಶಕದ ಕೊನೆಗೆ ಮಾತು ಬಂತು. ಶಬ್ದದ ವೇಗ ಸ್ವಲ್ಪ ಏರುಪೇರಾದರೂ ದನಿ ಕೆಡುತ್ತದೆ. ಒಂದು ವೇಗಕ್ಕೆ ಕಟ್ಟುಬೀಳಲೇಬೇಕಾಯಿತು. ಹಾಗೆ ನಿಂತದ್ದು 24, ಅಂದರೆ ನಿಮಿಷಕ್ಕೆ 90 ಅಡಿ ಫಿಲಂ.

ಇನ್ನು 60 ಎಲ್ಲಿಂದ ಬಂತು? ಅಮೆರಿಕದ ಟಿವಿ ಅಲ್ಲಿನ ಕರೆಂಟಿನ 60 ಸೈಕಲ್ಲಿಗೆ ಹೊಂದಿಕೊಂಡಿತು. ನಮ್ಮದು 50 ಸೈಕಲ್, 1982ರಲ್ಲಿ ಬಣ್ಣ ಬಂದಾಗ ನಾವು ಹಿಡಿದದ್ದು ಪಾಲ್ (PAL) ಅನ್ನುವ ಟಿವಿ ಪ್ರಸಾರ ಪದ್ಧತಿ, ಅದರಲ್ಲಿ ಸೆಕೆಂಡಿಗೆ 25 ಫ್ರೇಮ್. ಪಾಲ್ ದೇಶಗಳಲ್ಲಿ ಸಿನಿಮಾವನ್ನು 25ರ ವೇಗದಲ್ಲೇ ಓಡಿಸಿಬಿಡುವುದು ರೂಢಿ. ಜಗ್ಗುವ ತೊಂದರೆ ಇಲ್ಲ. ಆದರೆ 150 ನಿಮಿಷದ ಸಿನಿಮಾ 144 ನಿಮಿಷಕ್ಕೇ ಮುಗಿಯುತ್ತದೆ, ಶ್ರುತಿಯೂ ಒಂಚೂರು ಏರುತ್ತದೆ.

ಕ್ರಿಕೆಟ್ಟಿನಲ್ಲಿ ಗೋಳು ಇನ್ನೊಂದು ತರಹ. 50 ಫ್ರೇಮಿನಲ್ಲಿ ಬರುವ ಮ್ಯಾಚನ್ನು 60ರ ಬಾಕ್ಸಿನಲ್ಲಿ ನೋಡಿದರೆ 50 ಜನಕ್ಕೆ 60 ಹೋಳಿಗೆ. ಐವರಲ್ಲಿ ಒಬ್ಬರಿಗೆ ಎರಡು. ಅಂದರೆ ಸೆಕೆಂಡಿಗೆ ಹತ್ತು ಸಲ ಚಿತ್ರ ಎಡವುತ್ತದೆ. ಬೌಂಡರಿಯತ್ತ ಉರುಳುವ ಚೆಂಡನ್ನು ನೋಡಿ, ಗೊತ್ತಾಗುತ್ತದೆ.

ಪರಿಹಾರಕ್ಕೆ ಹೊಸ ಟಿವಿ ಬೇಕಿಲ್ಲ. ಫೈರ್ ಟಿವಿಯ ಡಿಸ್‌ಪ್ಲೇ ಸೆಟ್ಟಿಂಗ್ಸಿನಲ್ಲಿ ‘ಮ್ಯಾಚ್ ಒರಿಜಿನಲ್ ಫ್ರೇಮ್ ರೇಟ್’ ಅಂತ ಇದೆ. ಆಪಲ್ ಟಿವಿಯಲ್ಲಿ ‘ಮ್ಯಾಚ್ ಕಂಟೆಂಟ್’ ಒಳಗೆ ‘ಮ್ಯಾಚ್ ಫ್ರೇಮ್ ರೇಟ್’. ಹೊಸ ಆಂಡ್ರಾಯ್ಡ್ ಬಾಕ್ಸುಗಳಲ್ಲೂ ಇದೇ ತರಹದ ಆಯ್ಕೆ ಇದೆ. ಆನ್ ಮಾಡಿದರೆ ಸಿನಿಮಾಕ್ಕೆ 24, ಮ್ಯಾಚಿಗೆ 50 ಅಂತ ಬಾಕ್ಸ್ ತಾನೇ ಬದಲಾಗುತ್ತದೆ. ಎಲ್ಲ ಆ್ಯಪ್‌ಗಳೂ ಇದಕ್ಕೆ ಒಗ್ಗುವುದಿಲ್ಲ ಅನ್ನುವುದೊಂದೇ ಬೇಜಾರು. 120 ಹರ್ಟ್ಸ್, ಅಂದರೆ ಸೆಕೆಂಡಿಗೆ 120 ಸಲ ಚಿತ್ರ ತೋರಿಸುವ ಟಿವಿ ಇದ್ದವರಿಗೆ ಇನ್ನೂ ಸಲೀಸು: ಪ್ರತಿ ಫ್ರೇಮಿಗೂ ಸರಿಯಾಗಿ ಐದೈದು ಪಾಲು.

ಜಗ್ಗುವುದನ್ನು ತಪ್ಪಿಸಲು ಟಿವಿಯ ಟ್ರೂಮೋಷನ್, ಮೋಷನ್‌ಫ್ಲೋ ಅನ್ನುವ ಸೆಟ್ಟಿಂಗುಗಳನ್ನು ಮಾತ್ರ ಪೂರ್ತಿ ಏರಿಸಬೇಡಿ. ಅವು ಎರಡು ಫ್ರೇಮುಗಳ ನಡುವೆ ಕ್ಯಾಮೆರಾ ಹಿಡಿಯದೇ ಇದ್ದ ಚಿತ್ರಗಳನ್ನು ತಾವೇ ಊಹಿಸಿ ತುಂಬುತ್ತವೆ. ಒಳ್ಳೆಯ ಸಿನಿಮಾ ಮದುವೆ ವಿಡಿಯೋ ತರಹ ಕಾಣಲು ಇದೇ ಕಾರಣ. 2018ರಲ್ಲಿ ಟಾಮ್ ಕ್ರೂಸ್ ವಿಡಿಯೋ ಮಾಡಿ, ಇದನ್ನು ಆಫ್ ಮಾಡಿ ಅಂತ ಜನರನ್ನು ಕೇಳಿಕೊಂಡಿದ್ದು ಸುಮ್ಮನೆ ಅಲ್ಲ.

ಫ್ರೇಮ್ ರೇಟ್ ಬದಲಾಗುವಾಗ ತೆರೆ ಒಂದೆರಡು ಸೆಕೆಂಡು ಕಪ್ಪಾಗುತ್ತದೆ. ಅದನ್ನು ನೋಡಿ ಎಷ್ಟೋ ಜನ ‘ಕೆಟ್ಟುಹೋಯ್ತು’ ಅಂತ ಹೆದರಿ ಮತ್ತೆ ಆಫ್ ಮಾಡಿಬಿಡುತ್ತಾರೆ. ಏನೂ ಕೆಟ್ಟಿಲ್ಲ. ಬಾಕ್ಸೂ ಟಿವಿಯೂ ಎಚ್‌ಡಿಎಂಐ ಕೇಬಲ್ಲಿನಲ್ಲಿ ಹೊಸ ವೇಗಕ್ಕೆ ಒಪ್ಪಂದ ಮಾಡಿಕೊಳ್ಳುತ್ತಿರುತ್ತವೆ. ಎಚ್‌ಡಿಎಂಐ 2.1ರಲ್ಲಿ ಆ ಕಪ್ಪನ್ನೂ ತಪ್ಪಿಸುವ ಕ್ಯೂಎಂಎಸ್ ಅನ್ನುವ ಸೌಲಭ್ಯ ಇದೆ, ಬಾಕ್ಸು ಮತ್ತು ಟಿವಿ ಎರಡರಲ್ಲೂ ಅದು ಇರಬೇಕು. ಅಲ್ಲಿಯವರೆಗೆ ಆ ಎರಡು ಸೆಕೆಂಡು ಕಾಯಿರಿ.